ಉದುರಿದ ಹಾಳೆ ತಟ್ಟೆಯಾದ ಕತೆ

ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಅಡಿಕೆ ಹಾಳೆ ಎಂದೂ ಕಸವಾಗಿರಲಿಲ್ಲ. ಕೆಲಸಕ್ಕೆ ಹೋಗುವವರ ತಲೆಗೆ ಅದು ಟೊಪ್ಪಿ, ಸೆಖೆಗೆ ಬೀಸಣಿಗೆ. ಮಕ್ಕಳಾಗಿದ್ದಾಗ ನಾವೂ ಹಾಳೆ ಮೇಲೆ ಕೂತು ಅಂಗಳದ ತುಂಬ ಎಳೆಸಿಕೊಂಡವರೇ.

ಊಟಕ್ಕೆ ಮಾತ್ರ ಬಾಳೆ ಎಲೆ. ಬಯಲುಸೀಮೆಯಲ್ಲಿ ಕಡ್ಡಿ ಚುಚ್ಚಿ ಹೊಲಿದ ಮುತ್ತುಗದ ಎಲೆ. ಎರಡಕ್ಕೂ ಅಂಚಿಲ್ಲ, ಸಾರು ನಿಲ್ಲದು. ಹಾಳೆ ದಪ್ಪ. ತೊಳೆದು, ನೆನೆಸಿ, ಬಿಸಿ ಅಚ್ಚಿನ ನಡುವೆ ಒತ್ತಿದರೆ ಅಂಚು ಎದ್ದು ನಿಲ್ಲುತ್ತದೆ. ಅಂಟು ಬೇಡ, ಬಣ್ಣ ಬೇಡ, ಮರ ಕಡಿಯುವುದೂ ಬೇಡ. ಹಾಳೆಯ ಗೆರೆಯೇ ಚಿತ್ತಾರ. ಒಂದು ತಟ್ಟೆಯಂತೆ ಇನ್ನೊಂದಿಲ್ಲ. ಅಚ್ಚು ಬದಲಿಸಿದರೆ ಚೌಕ, ದೊನ್ನೆ, ಚಮಚವೂ ಆಗುತ್ತದೆ.

2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ದೇಶವೇ ತಡೆ ಹಾಕಿತು. ಹಾಳೆ ತಟ್ಟೆ ಮದುವೆ ಮನೆಗೆ ಬಂತು, ಹಡಗನ್ನೂ ಹತ್ತಿತು.

2025ರ ಮೇ ತಿಂಗಳಲ್ಲಿ ಪೆಟ್ಟು ಬಿತ್ತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂದು ಅಮೆರಿಕದ ಎಫ್‌ಡಿಎ ಈ ತಟ್ಟೆಗಳನ್ನು ಬಂದರಿನಲ್ಲೇ ತಡೆಯಲು ಸೂಚಿಸಿತು. ಸಾಲ ಮಾಡಿ ಯಂತ್ರ ಹಾಕಿದ ಸಣ್ಣ ಘಟಕಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

‘ಅಜ್ಜನ ಕಾಲದಿಂದ ಬಳಸಿದ್ದೇವೆ’ ಎಂದರೆ ಉತ್ತರವಾಗದು. ಅಜ್ಜ ಹಾಳೆಯನ್ನು ತಲೆಗೆ ಇಟ್ಟಿದ್ದ. ನಾವು ಅದರ ಮೇಲೆ ಬಿಸಿ ಸಾರು ಸುರಿಯುತ್ತಿದ್ದೇವೆ. ತಟ್ಟೆಯಿಂದ ಊಟಕ್ಕೆ ಏನು, ಎಷ್ಟು ಇಳಿಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಅಳೆಯಬೇಕಾದ ಲೆಕ್ಕ. ಅದನ್ನು ಸರಕಾರವೇ ಮಾಡಿಸಲಿ. ಕೊಳ್ಳುವ ಪರದೇಶದವರಿಗಷ್ಟೇ ಅಲ್ಲ, ಅದರಲ್ಲೇ ಉಣ್ಣುವ ನಮಗೂ ಆ ಉತ್ತರ ಬೇಕು.