ಹಗೇವಿನ ರಾಗಿ, ಅಂಗಡಿಯ ಅಕ್ಕಿ

ಹಳೆ ಮೈಸೂರಿನ ಊರುಗಳಲ್ಲಿ ಬರಗಾಲಕ್ಕೆಂದು ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುಲಭಕ್ಕೆ ಹುಳ ಹಿಡಿಯದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗೆ ಉಸಿರುಗಟ್ಟುವ ಭಯ. ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ನಮ್ಮ ತಳಿಗೆ ಆಫ್ರಿಕಾದ್ದನ್ನು ಬೆರೆಸಿ ಇಂಡಾಫ್ ರಾಗಿ ಕೊಟ್ಟರು. ಇಳುವರಿ ಏರಿತು. ಆದರೆ ಪಡಿತರದ ಅಕ್ಕಿ ಬಂದಂತೆ ತಟ್ಟೆಯಲ್ಲಿ ಮುದ್ದೆ ಕಿರಿದಾಯಿತು.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಬಾಣಂತಿಗೆ, ಬೆಳೆಯುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪಟ್ಟಿಯಲ್ಲಿ ಅಕ್ಕಿ, ಗೋಧಿಯ ಜೊತೆ ರಾಗಿ, ಜೋಳದಂಥ ಧಾನ್ಯಗಳೂ ಇವೆ. ನಿಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಈ ತಿಂಗಳು ರಾಗಿ ತೂಗಿದರಾ, ಕೇಳಿ ನೋಡಿ.