ಬುಲಕ್, ಡ್ಯಾನ್

ಡ್ಯಾನ್ ಬುಲಕ್ (21 ಡಿಸೆಂಬರ್ 1953 – 7 ಜೂನ್ 1969) : ಅಮೆರಿಕದ ಮರೀನ್ ಪಡೆಯ ಯೋಧ. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕರಲ್ಲಿ ಎಲ್ಲರಿಗಿಂತ ಕಿರಿಯ. ಸೇನೆಯ ದಾಖಲೆಯ ಪ್ರಕಾರ ಸಾಯುವಾಗ ಈತನಿಗೆ 19 ವರ್ಷ. ನಿಜವಾಗಿ ಆಗಿದ್ದುದು 15.

ಬಾಲ್ಯ ಮತ್ತು ಸೇರ್ಪಡೆ

ಉತ್ತರ ಕೆರೊಲಿನಾ ರಾಜ್ಯದ ಗೋಲ್ಡ್ಸ್‌ಬರೊದಲ್ಲಿ ಆಫ್ರಿಕನ್-ಅಮೆರಿಕನ್ ಕುಟುಂಬವೊಂದರಲ್ಲಿ ಹುಟ್ಟಿದ. ಸುಮಾರು 12ರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ತಂಗಿಯೊಂದಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದೆ ಮತ್ತು ಮಲತಾಯಿಯ ಮನೆ ಸೇರಿದ. ಪೈಲಟ್, ಪೊಲೀಸ್ ಇಲ್ಲವೇ ಮರೀನ್ ಆಗಬೇಕೆಂಬುದು ಈತನ ಆಸೆಯಾಗಿತ್ತು.

ಮರೀನ್ ಪಡೆಗೆ ಸೇರಲು ಆಗ 18 ವರ್ಷ ತುಂಬಿರಬೇಕಿತ್ತು. ಹೆತ್ತವರ ಒಪ್ಪಿಗೆಯಿದ್ದರೆ 17 ಸಾಕಾಗುತ್ತಿತ್ತು. ಬುಲಕ್ ತನ್ನ ಜನನ ಪ್ರಮಾಣಪತ್ರದಲ್ಲಿ 1953 ಎಂದಿದ್ದುದನ್ನು 1949 ಎಂದು ತಿದ್ದಿಕೊಂಡು, 18 ಸೆಪ್ಟೆಂಬರ್ 1968ರಂದು ಹೆಸರು ನೋಂದಾಯಿಸಿದ. ಎತ್ತರದ ಮೈಕಟ್ಟಿನ ಹುಡುಗನಾದ್ದರಿಂದ ನೇಮಕಾತಿ ಅಧಿಕಾರಿಗಳಿಗೆ ಅನುಮಾನ ಬರಲಿಲ್ಲ. ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲೆಂಡ್‌ನ ತರಬೇತಿ ಈತನಿಗೆ ಬಹಳ ಕಷ್ಟವಾಯಿತು. ಆದರೂ ಜೊತೆಗಾರರ ನೆರವಿನಿಂದ ಡಿಸೆಂಬರ್ 10ರಂದು ತರಬೇತಿ ಮುಗಿಸಿದ. ಅಂದು ಈತನಿಗೆ 15 ತುಂಬಲು ಇನ್ನೂ 11 ದಿನ ಬಾಕಿಯಿತ್ತು.

ಯುದ್ಧಭೂಮಿ ಮತ್ತು ಮರಣ

18 ಮೇ 1969ರಂದು ವಿಯೆಟ್ನಾಂ ತಲುಪಿದ ಬುಲಕ್‌ನನ್ನು 1ನೇ ಮರೀನ್ ಡಿವಿಜನ್ನಿನ 5ನೇ ರೆಜಿಮೆಂಟಿನ 2ನೇ ಬೆಟಾಲಿಯನ್, ಫಾಕ್ಸ್ ಕಂಪನಿಗೆ ನಿಯೋಜಿಸಲಾಯಿತು. ದರ್ಜೆ ಪ್ರೈವೇಟ್ ಫಸ್ಟ್ ಕ್ಲಾಸ್. ಕಂಪನಿಯ ನೆಲೆ ಕ್ವಾಂಗ್ ನಾಮ್ ಪ್ರಾಂತ್ಯದ ಅನ್ ಹೋವಾದಲ್ಲಿತ್ತು. ಜೂನ್ 7ರಂದು ಬೆಳಕು ಹರಿಯುವ ಮುನ್ನ ಉತ್ತರ ವಿಯೆಟ್ನಾಂ ಪಡೆಗಳು ಈ ನೆಲೆಯ ಮೇಲೆ ದಾಳಿ ನಡೆಸಿದವು. ಕಾವಲಿನಲ್ಲಿದ್ದವರ ಬಳಿ ಮದ್ದುಗುಂಡು ಖಾಲಿಯಾಗುತ್ತ ಬಂದಾಗ, ಬುಲಕ್ ಶತ್ರುಗಳ ಗುಂಡಿನ ಮಳೆಗೆ ಮೈಯೊಡ್ಡಿ ಅದನ್ನು ತಂದು ಒದಗಿಸುತ್ತಿದ್ದ. ಹಾಗೆ ಮತ್ತೊಮ್ಮೆ ತರಲು ಹೋದಾಗ ಗುಂಡು ತಗುಲಿ ಸತ್ತ. ವಿಯೆಟ್ನಾಂಗೆ ಬಂದು ಆಗ ಇನ್ನೂ ಮೂರು ವಾರ ತುಂಬಿರಲಿಲ್ಲ. ಜೊತೆಯಲ್ಲಿ ಹೋರಾಡಿದವರಿಗೂ ಈತನ ನಿಜವಾದ ವಯಸ್ಸು ಗೊತ್ತಾದದ್ದು ಸಾವಿನ ನಂತರವೇ.

ಸ್ಮರಣೆ

ಗೋಲ್ಡ್ಸ್‌ಬರೊದ ಎಲ್ಮ್‌ವುಡ್ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ಮೂರು ದಶಕಗಳ ಕಾಲ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 2000ದಲ್ಲಿ ದೂರದರ್ಶನ ನಿರೂಪಕಿ ಸ್ಯಾಲಿ ಜೆಸ್ಸಿ ರಾಫೆಲ್ ಅದರ ವೆಚ್ಚ ಭರಿಸಿದರು. 2003ರಲ್ಲಿ ಬ್ರೂಕ್ಲಿನ್‌ನ ಲೀ ಅವೆನ್ಯೂವಿನ ಒಂದು ಭಾಗಕ್ಕೆ ಈತನ ಹೆಸರಿಡಲಾಯಿತು. 2019ರಲ್ಲಿ ಉತ್ತರ ಕೆರೊಲಿನಾ ರಾಜ್ಯ ಈತನ ನೆನಪಿಗೆ ಐತಿಹಾಸಿಕ ಫಲಕ ನಿಲ್ಲಿಸಿತು. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕ ಗೋಡೆಯಲ್ಲಿರುವ 58,000ಕ್ಕೂ ಹೆಚ್ಚು ಹೆಸರುಗಳಲ್ಲಿ ಈತನದು ಪಶ್ಚಿಮದ 23ನೇ ಫಲಕದ 96ನೇ ಸಾಲಿನಲ್ಲಿದೆ.

ಮಹತ್ತ್ವ

ಬುಲಕ್‌ನ ಧೈರ್ಯ ಎಷ್ಟು ನಿಜವೋ, ತಿದ್ದಿದ ಒಂದು ಕಾಗದವನ್ನು ನಂಬಿ ಮಗುವನ್ನು ರಣರಂಗಕ್ಕೆ ಕಳುಹಿಸಿದ ವ್ಯವಸ್ಥೆಯ ಹೊಣೆಗೇಡಿತನವೂ ಅಷ್ಟೇ ನಿಜ. 18 ತುಂಬದವರು ನೇರ ಕದನದಲ್ಲಿ ಪಾಲ್ಗೊಳ್ಳದಂತೆ ನೋಡಿಕೊಳ್ಳುವ ಹೊಣೆಯನ್ನು ಸರಕಾರಗಳ ಮೇಲೆ ಹೊರಿಸುವ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿತು. ಅಮೆರಿಕ ಅದನ್ನು 2002ರಲ್ಲಿ ಸ್ಥಿರೀಕರಿಸಿತು. ಹುಡುಗರ ಉತ್ಸಾಹಕ್ಕೆ ಕಡಿವಾಣ ಹಾಕಬೇಕಾದದ್ದು ದೊಡ್ಡವರ ಕರ್ತವ್ಯ ಎಂಬುದಕ್ಕೆ ಬುಲಕ್‌ನ ಬದುಕು ಸಾಕ್ಷಿಯಾಗಿ ನಿಲ್ಲುತ್ತದೆ.