ಚಳಿಗಾಲದ ಸೌರವಿದ್ಯುತ್ ಅಂದಾಜು (ತಿಪಟೂರು ಪ್ರದೇಶ)

ಚಳಿಗಾಲದ ಸೌರವಿದ್ಯುತ್ ಅಂದಾಜು ಎಂದರೆ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸೌರಫಲಕವು ದಿನಕ್ಕೆ ನೀಡಬಲ್ಲ ವಿದ್ಯುತ್ತನ್ನು ಮುಂಚಿತವಾಗಿ ಲೆಕ್ಕಹಾಕುವ ಕ್ರಮ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು 13° ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಇಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ದೀರ್ಘವಾಗಿರುತ್ತದೆ. ಯುರೋಪಿನಲ್ಲಿ ಚಳಿಗಾಲವೇ ಸೌರವಿದ್ಯುತ್ತಿನ ಕೊರತೆಯ ಕಾಲ. ಇಲ್ಲಿ ಮುಂಗಾರಿನ ಮೋಡಗಳದ್ದೇ ಹೆಚ್ಚಿನ ಅಡ್ಡಿ.

ಫಲಕದ ಸಾಮರ್ಥ್ಯವನ್ನು ಪೂರ್ಣ ಬಿಸಿಲಿಗೆ ಸಮನಾದ ಗಂಟೆಗಳಿಂದ ಗುಣಿಸಿ, ಶಾಖ, ಧೂಳು, ತಂತಿ ಮತ್ತು ಬ್ಯಾಟರಿಯ ನಷ್ಟವನ್ನು ಕಳೆಯಬೇಕು. 100 ವ್ಯಾಟ್ ಫಲಕಕ್ಕೆ 5 ಗಂಟೆ ಬಿಸಿಲು, ಕಾಲುಭಾಗ ನಷ್ಟ ಎಂದು ಹಿಡಿದರೆ 375 ವ್ಯಾಟ್-ಗಂಟೆ ದೊರೆಯುತ್ತದೆ. 10 ವ್ಯಾಟ್‌ನ ನಾಲ್ಕು ದೀಪಗಳು ಇದರಿಂದ ಸುಮಾರು 9 ಗಂಟೆ ಉರಿಯುತ್ತವೆ. ವ್ಯಾನಿನ ಚಾವಣಿಯ ಮೇಲೆ ಸಮತಲವಾಗಿ ಕೂರಿಸಿದ ಫಲಕಕ್ಕೆ ಇನ್ನಷ್ಟು ಕಡಿತ ಅಗತ್ಯ: ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯನು ದಕ್ಷಿಣದಲ್ಲಿ ಸುಮಾರು 53° ಎತ್ತರದಲ್ಲಿದ್ದು, ನೇರ ಕಿರಣಗಳ ಐದನೇ ನಾಲ್ಕು ಭಾಗವಷ್ಟೇ ಅದಕ್ಕೆ ದಕ್ಕುತ್ತದೆ.

ತೆಂಗಿನ ತೋಟಗಳ ಈ ಸೀಮೆಯಲ್ಲಿ ಅಂದಾಜು ತಪ್ಪುವುದು ಬಹುತೇಕ ನೆರಳಿನಿಂದ. ಅಂದು 15 ಮೀಟರ್ ಎತ್ತರದ ಮರದ ನೆರಳು ನಡುಹಗಲಿನಲ್ಲಿ ಉತ್ತರಕ್ಕೆ ಸುಮಾರು 11 ಮೀಟರ್ ಚಾಚುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ 20 ಮೀಟರ್ ದಾಟಿರುತ್ತದೆ. ಫಲಕದ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುವುದರಿಂದ ಒಂದೇ ಗರಿಯ ನೆರಳು ತಾನು ಮುಚ್ಚಿದ ಭಾಗಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತನ್ನು ಕಸಿಯಬಲ್ಲದು. ಆದುದರಿಂದ ತೋಟದಲ್ಲಿ ವಾಹನವನ್ನು ದಕ್ಷಿಣದ ಕಡೆ ಮರಗಳಿಲ್ಲದ ಅಂಚಿನಲ್ಲಿ ನಿಲ್ಲಿಸುವುದು ಲೇಸು.